ಬೆಕ್ಕಿನ ಮುಖದ ಸಿಂಹ

ಉಪಕಾರ ಮಾಡುವವರು ಪಕ್ಕದ ಮನೆಯಲ್ಲಿದ್ದರೆ ಮನುಷ್ಯನಿಗೆ ಬೇರೆ ಶತ್ರು ಬೇಡ. "ಸಾರ್, ನನ್ನ ತಾಮ್ರದ ಬಿಲ್ಲೆ ನೀವು ತಗೊಂಡು ಹೋದ್ರಂತೆ?" ಎಂದು ಟೈಲರ್ ಕೇಳಿದಾಗ ನಿವೃತ್ತ ಹೆಡ್‌ಮಾಸ್ತರರು ಹೆಮ್ಮೆಯಿಂದ ನಕ್ಕರು.

"ಅದು ಖೋಟಾ ಕಣಯ್ಯಾ! ಅದರ ಮೇಲಿನ ಸಿಂಹಕ್ಕೆ ಬೆಕ್ಕಿನ ಮುಖ. ನಿನ್ನ ಹೆಂಡತಿ ತೋರಿಸಿದಾಗ ನನಗೇ ಹೊಟ್ಟೆ ಉರೀತು. ಗುಜರಿ ಅಂಗಡೀಲಿ ಕೊಟ್ಟು, ಬದಲಿಗೆ ಅಸಲಿ ಕಾಸೇ ತಂದಿದೀನಿ. ಹಿಡಿ."

ಟೈಲರ್ ತಲೆ ಚಚ್ಚಿಕೊಂಡ. ಪರಂಗಿಯವರ ಕಾಲದಲ್ಲಿ ಚಿಲ್ಲರೆ ಸಾಲದೆ ವ್ಯಾಪಾರಿಗಳೇ ಸರ್ಕಾರಿ ಕಾಸಿನಂಥ ಬಿಲ್ಲೆ ಹೊಡೆಸುತ್ತಿದ್ದರು. ಅಸಲಿ ಕಾಸು ಬೀದಿಗೊಂದು ಸಿಗುತ್ತದೆ. ಅಪರೂಪ ಆ ನಕಲಿ ಬಿಲ್ಲೆಯೇ. ಅದಿದ್ದರೆ ಮಾತ್ರ ನಾಣ್ಯ ಸಂಗ್ರಾಹಕರ ಸಂಘದ ಸದಸ್ಯತ್ವ. ಇವನನ್ನು ಮೂರು ಸಲ ಹೊರಗಿಟ್ಟಿದ್ದ ಅಧ್ಯಕ್ಷರು ಇವತ್ತು ಹನ್ನೊಂದಕ್ಕೆ ಮನೆಗೇ ಬರುವವರಿದ್ದರು.

"ನನಗೆ ಖೋಟಾನೇ ಬೇಕಾಗಿತ್ತು ಸಾರ್!"

"ಒಳ್ಳೇದಕ್ಕೆ ಕಾಲ ಇಲ್ಲ," ಎಂದು ಮಾಸ್ತರರು ಪೇಪರ್ ಬಿಡಿಸಿದರು.

ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಟೈಲರ್ ಗುಜರಿ ಅಂಗಡಿಗೆ ಓಡಿದ. ಪುಣ್ಯಕ್ಕೆ ಬೆಕ್ಕುಮುಖದ ಬಿಲ್ಲೆ ಇನ್ನೂ ಅಲ್ಲೇ ಇತ್ತು. ಅಂಗಡಿಯವನು ವಾಪಸು ಬಂದ ಕಾಸನ್ನು ತಕ್ಕಡಿಗೆ ಹಾಕಿ ಮುಖ ಸಿಂಡರಿಸಿದ.

"ಅಸಲಿ ಕಾಸು ಇಷ್ಟು ಹಗುರ ಇರಲ್ಲ ಸ್ವಾಮಿ. ಉಜ್ಜಿ ಉಜ್ಜಿ ತಾಮ್ರ ತೆಗೆದಿದೀರಾ?"

"ಈಗ ತಾನೇ ಕೈಗೆ ಬಂದದ್ದಯ್ಯಾ! ಯಾವಾಗ ಉಜ್ಜಲಿ?"

"ಅದೆಲ್ಲ ನನಗೆ ಗೊತ್ತಿಲ್ಲ. ಕೈಯಲ್ಲಿರೋ ವಾಚು ಬಿಚ್ಚಿ, ಸರಿಹೋಗುತ್ತೆ."

ವಾಚು ಹತ್ತೂವರೆ ತೋರಿಸುತ್ತಿತ್ತು. ಜಗಳಕ್ಕೆ ಹೊತ್ತಿರಲಿಲ್ಲ. ಹಾಳಾಗಿ ಹೋಗಲಿ ಎಂದು ಬಿಚ್ಚಿ ಕೊಟ್ಟು, ಬಿಲ್ಲೆ ಹಿಡಿದು ಮನೆಗೆ ಓಡಿದ.

ಅಧ್ಯಕ್ಷರು ಬಂದರು. ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಮೂಸಿದರು.

"ಏನ್ರೀ ಇದು, ಬೂಟ್ ಪಾಲಿಶ್ ವಾಸನೆ! ಹೋದ ವರ್ಷ ಯಾರೋ ಮಾಡಿ ಕಪ್ಪು ಬಳಿದದ್ದು. ನಕಲಿಗೂ ನಕಲಿ!"

ಟೈಲರ್ ಸ್ಟೂಲಿನ ಮೇಲೆ ಕುಸಿದ. ಅಧ್ಯಕ್ಷರಿಗೆ ಕನಿಕರ ಬಂತು.

"ಆಗಿನ ವ್ಯಾಪಾರಿಗಳು ಹೊಡೆಸಿದ ನಿಜವಾದ ಬಿಲ್ಲೆ ಹೇಗಿರುತ್ತೆ ನೋಡಿ. ಈಗ ಬರ್ತಾ ಗುಜರಿ ಅಂಗಡೀಲಿ ಸಿಕ್ತು. ಪಾಪ, ಅಸಲಿ ಕಾಸು ಅಂತಲೇ ಮಾರಿದ. ಅಚ್ಚು ಅಷ್ಟು ಚೆನ್ನಾಗಿದೆ, ತೂಕ ಮಾತ್ರ ಕಮ್ಮಿ."

ಬೆಳಿಗ್ಗೆ ಮಾಸ್ತರರು ಕೈಗಿಟ್ಟಿದ್ದ ಅದೇ ಕಾಸು! ಟೈಲರನಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ.

"ಖೋಟಾ ಅಂತ ನಾನು ಆಗಲೇ ಹೇಳಲಿಲ್ವಾ?" ಎಂದರು ಮಾಸ್ತರರು, ಕಾಂಪೌಂಡಿನಾಚೆಯಿಂದ.

"ಮುಂದಿನ ವರ್ಷ ನೋಡೋಣ," ಎಂದು ಅಧ್ಯಕ್ಷರು ಎದ್ದು ಗಂಟೆ ನೋಡಿಕೊಂಡರು. ಕುಡಿಯಲು ನೀರು ತಂದ ಹೆಂಡತಿ ಅವರ ಮಣಿಕಟ್ಟನ್ನೇ ದಿಟ್ಟಿಸಿದಳು.

"ರೀ, ಆ ವಾಚು ನಮ್ಮಪ್ಪ ನಿಮಗೆ ಕೊಟ್ಟದ್ದಲ್ವಾ?"