ಶರ್ಟಿನ ಮೇಲೆ ಜನಿವಾರ

ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚಿದ್ದ ಐವತ್ತರ ದಶಕದಲ್ಲಿ ನಾನು ಷಾಪು ತೆರೆದ ಡಾಕ್ಟರು. ಮೀಸೆ ಚಿಗುರುವ ಹುಡುಗರಿಗೆ ಎದೆ ಸ್ವಲ್ಪ ಊದಿಕೊಳ್ಳುವುದು ತೀರಾ ಮಾಮೂಲಿ. ಅದನ್ನು ಮಾಮೂಲಿ ಎಂದು ಒಪ್ಪುವ ಅಪ್ಪಂದಿರು ಮಾತ್ರ ಇನ್ನೂ ಹುಟ್ಟಿಲ್ಲ.

೧

ಒಬ್ಬ ಗುಮಾಸ್ತರು ಮಗನನ್ನು ಎಳೆದುಕೊಂಡು ಬಂದರು. "ಎದೆನೋವು ಅಂತಾನೆ ಡಾಕ್ಟ್ರೇ, ಹಾರ್ಟ್ ವೀಕು." ಸ್ಟೆತಾಸ್ಕೋಪ್ ತಾಗಿದ್ದೇ ಹುಡುಗ ಹಾರಿಬಿದ್ದ. ಮೊಲೆತೊಟ್ಟಿನ ಕೆಳಗೆ ಅವರೆಕಾಳಿನಷ್ಟು ಗಾತ್ರದ ಗಂಟು, ಅಷ್ಟೆ.

"ಹಾರ್ಟು ಗಟ್ಟಿಯಾಗಿದೆ. ಇದು ವಯಸ್ಸಿನದ್ದು, ಒಂದೆರಡು ವರ್ಷದಲ್ಲಿ ಹೋಗುತ್ತೆ" ಎಂದೆ.

ಗುಮಾಸ್ತರ ಮುಖ ಇಳಿಯಿತು. "ಲೆಕ್ಕದಲ್ಲಿ ಫೇಲಾಗಿದ್ದು ಹಾರ್ಟಿನಿಂದ ಅಂತ ಹೆಡ್‌ಮಾಸ್ಟರಿಗೆ ಕಾಗದ ಬರೆದುಬಿಟ್ಟಿದೀನಲ್ಲ ಸಾರ್!"

೨

ಹೇರೋಹಳ್ಳಿಯ ಗೌಡರೊಬ್ಬರ ಮಗನಿಗೂ ಇದೇ. "ಸಣ್ಣ ಗಡ್ಡೆ, ತಾನೇ ಕರಗುತ್ತೆ" ಎಂದು ಕಳಿಸಿದೆ. ತಿಂಗಳು ಬಿಟ್ಟು ಬಂದಾಗ ಹುಡುಗ ಸೊರಗಿದ್ದ.

"ನೀವು ಗಡ್ಡೆ ಅಂದ್ರಲ್ಲ ಸ್ವಾಮಿ, ಅವತ್ತಿಂದ ಆಲೂಗಡ್ಡೆ, ಗೆಣಸು, ಮೂಲಂಗಿ ಎಲ್ಲ ಬಿಡ್ಸಿದೀವಿ. ಈರುಳ್ಳೀನೂ ಬಿಡ್ಸಿದೀವಿ. ಬರೀ ಸೊಪ್ಪಿನ ಸಾರು, ಮುದ್ದೆ" ಎಂದರು ಗೌಡರು ಹೆಮ್ಮೆಯಿಂದ.

ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿದ. "ಮುದ್ದೇನೂ ಗುಂಡಗೈತೆ ಅಂತ ಇವರಿಗೆ ಹೇಳ್ಬೇಡಿ ಸ್ವಾಮಿ."

೩

ಮಗನನ್ನು ಕರೆತಂದ ಹಿಂದಿನ ಬೀದಿಯ ಮೇಷ್ಟರ ಸಮಸ್ಯೆ ದೊಡ್ಡದು. "ನಾಡಿದ್ದು ಇವನ ಮುಂಜಿ. ಶರ್ಟು ಬಿಚ್ಚಲ್ಲ ಅಂತ ಹಟ ಮಾಡ್ತಿದಾನೆ. ಶರ್ಟಿನ ಮೇಲೆ ಜನಿವಾರ ಹಾಕೋಕಾಗುತ್ತಾ ಡಾಕ್ಟ್ರೇ?"

ಹುಡುಗನ ಕಣ್ಣಲ್ಲಿ ನೀರು. "ಕ್ಲಾಸಿನವರೆಲ್ಲ ಬರ್ತಾರೆ. ನಗ್ತಾರೆ."

ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಪರೀಕ್ಷೆ ಮಾಡಿದೆ. ಯಾವುದಾದರೂ ಔಷಧಿ ತಿಂದಿದ್ದನೇ ಎಂದು ಕೇಳಿದೆ. ಏನೂ ದೋಷವಿರಲಿಲ್ಲ.

"ನಿನ್ನ ವಯಸ್ಸಲ್ಲಿ ನನಗೂ ಹೀಗೇ ಆಗಿತ್ತು ಕಣೋ. ತಾನೇ ಹೋಯ್ತು."

ಅವನು ನನ್ನನ್ನು ಕೊರಳಿಂದ ಹೊಟ್ಟೆಯವರೆಗೆ ನಿಧಾನವಾಗಿ ನೋಡಿದ. ಆಗ ನನ್ನ ತೂಕ ಇನ್ನೂರು ಪೌಂಡು.

"ಎಲ್ಲಿ ಹೋಯ್ತು ಸಾರ್?"

ಮೇಷ್ಟರು ಕೈ ಎತ್ತಿದರು. ತಡೆದೆ. ಹುಡುಗ ಷರತ್ತು ಹಾಕಿದ: "ನೀವೂ ಶರ್ಟು ಬಿಚ್ಚಿ ನನ್ನ ಪಕ್ಕ ಕೂತ್ರೆ ನಾನೂ ಕೂರ್ತೀನಿ."

ಆಗಲಿ ಎಂದೆ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಪಂಚೆ ಉಟ್ಟು, ಬರಿಮೈಯಲ್ಲಿ ಮಂಟಪದ ಪಕ್ಕದಲ್ಲೇ ಕೂತೆ. ಕ್ಲಾಸಿನ ಹುಡುಗರೆಲ್ಲ ನನ್ನನ್ನೇ ನೋಡಿ ಕಿಸಕಿಸ ನಗುತ್ತಿದ್ದರು. ವಟು ನಿರಾಳವಾಗಿ ಮಂತ್ರ ಹೇಳಿಕೊಂಡ.

ಮಂತ್ರಾಕ್ಷತೆ ಹಾಕಲು ಬಂದ ಅಜ್ಜಿ ಅವನನ್ನೂ ನನ್ನನ್ನೂ ನೋಡಿ ಮೇಷ್ಟರ ಹೆಂಡತಿಗೆ ಗಟ್ಟಿಯಾಗಿಯೇ ಹೇಳಿದರು:

"ಹುಡುಗ ಚೆನ್ನಾಗೇ ಇದಾನಲ್ಲೇ! ಪಾಪ, ಆ ಡಾಕ್ಟರನ್ನ ಯಾರಾದ್ರೂ ಒಳ್ಳೇ ಡಾಕ್ಟರಿಗೆ ತೋರಿಸಬಾರ್ದಾ?"