ನಾಲ್ಕು ಬಾಟಲಿ ವೈನು, ಒಂದು ಕೆಟ್ಟ ಮೂಗು

ಸುಳ್ಳಿನಲ್ಲಿ ಒಂದು ಸೌಕರ್ಯವಿದೆ. ಮೊದಲನೆಯ ದಿನ ಮಾತ್ರ ಕಷ್ಟಪಟ್ಟು ಹೇಳಬೇಕು, ಆಮೇಲೆ ತಾನಾಗಿಯೇ ಬಾಯಿಗೆ ಬರುತ್ತದೆ. ಎರಡು ವರ್ಷ ನಾನು ದಿನಕ್ಕೆ ಎರಡು ಸಲ, ತಾಟಿನ ಮುಂದೆ ಕೂತು, ಒಂದೇ ಒಂದು ಸುಳ್ಳು ಹೇಳುತ್ತ ಬಂದೆ. ಆ ಸುಳ್ಳಿನ ಹೆಸರು "ಆಹಾ". ಎಂಥದೋ ಜ್ವರ ಬಂದು ನಾಲ್ಕು ದಿನ ಇದ್ದು, ಹೋಗುವಾಗ ನನ್ನ ಮೂಗಿನ ಕೆಲಸವನ್ನು ಕಸಿದುಕೊಂಡು ಹೋಗಿತ್ತು. ಉಪ್ಪು, ಹುಳಿ, ಖಾರ, ಸಿಹಿ, ಕಹಿ ಇಷ್ಟು ನಾಲಿಗೆಗೆ ತಿಳಿಯುತ್ತಿತ್ತು. ಪರಿಮಳವೆಂಬುದು ಮಾತ್ರ ಪೂರ್ತಿ ಬಂದ್. ಬದನೆಕಾಯಿ ಎಣ್ಣೆಗಾಯಿಗೂ ಕುಂಬಳಕಾಯಿ ಪಲ್ಯಕ್ಕೂ ಇರುವ ವ್ಯತ್ಯಾಸಕ್ಕೆ ಕಣ್ಣು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ನನ್ನ ಕಷ್ಟ ನಿಮಗೆ ಗೊತ್ತಿಲ್ಲ. ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಸುತ್ತಿ ಈಗ ಇಂಡಿಗೆ ಬಂದು ಕೂತಿದ್ದೇನೆ. ಹೋದ ಊರಲ್ಲೆಲ್ಲ ನನ್ನ ವ್ಯಾಕರಣದ ಪಾಠಕ್ಕಿಂತ ನನ್ನ ನಾಲಿಗೆಯೇ ಹೆಚ್ಚು ಹೆಸರು ಮಾಡಿತ್ತು. ಸಿಂದಗಿಯಲ್ಲಿ ಒಂದು ಮದುವೆಯ ಸಾರು ಮೂಸಿ, ಜೀರಿಗೆ ಒಂದು ಕ್ಷಣ ಹೆಚ್ಚು ಹುರಿದಿದೆ ಎಂದು ಹೇಳಿದ್ದಕ್ಕೆ ಅಡಿಗೆಯವನು ಬಂದು ಕೈಮುಗಿದಿದ್ದ. ಆಮೇಲೆ ಪಂಕ್ತಿ ಕೂರಿಸುವ ಮೊದಲು "ಮಾಸ್ತರ ಬಾಯಾಗ ಒಂದೀಟ ಹಾಕ್ರಿ" ಎನ್ನುವುದು ರೂಢಿಯಾಯಿತು. ಅಂಥವನು ಎದ್ದು ನಿಂತು, ನನಗೆ ಈಗ ಹೋಳಿಗೆಗೂ ರಟ್ಟಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದರೆ ಊರಲ್ಲಿ ಉಳಿಯುವುದು ಏನು? ಹೆಂಡತಿ ಸುವರ್ಣಾಗೂ ಹೇಳಲಿಲ್ಲ. ಏನು ಬಡಿಸಿದರೂ ಆಹಾ.

ಹೀಗೆ ಸುಖವಾಗಿದ್ದಾಗ, ಕಳೆದ ಏಪ್ರಿಲ್‌ನ ಒಂದು ಶನಿವಾರ ಬೆಳಿಗ್ಗೆ, ಸುವರ್ಣಾಳ ತಮ್ಮ ಈರಣ್ಣ ಮೋಟಾರ್‌ಸೈಕಲ್ಲಿನ ಮೇಲೆ ಒಂದು ರಟ್ಟಿನ ಡಬ್ಬಿ ಇಟ್ಟುಕೊಂಡು ಬಂದ. ಝಳಕಿಯ ಹತ್ತಿರ ಅವನ ದ್ರಾಕ್ಷಿ ತೋಟ. ಸುತ್ತಲಿನವರು ಒಣದ್ರಾಕ್ಷಿ ಮಾಡಿದರೆ ಇವನು ಹಲವು ವರ್ಷದಿಂದ ವೈನಿನ ಕರೇ ದ್ರಾಕ್ಷಿ ಬೆಳೆದು ಒಂದು ವೈನರಿಗೆ ಕೊಡುತ್ತಾನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ತನ್ನ ದ್ರಾಕ್ಷಿ ಮುಂದೆ ಏನಾಗುತ್ತದೆಂದು ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿ ನೋಡಿದವನಲ್ಲ. ಡಬ್ಬಿ ಬಿಚ್ಚಿದರೆ ನಾಲ್ಕು ಬಾಟಲಿ. ನಾನು ಓಡಿಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದೆ.

"ಮಾಮಾ, ಗಾಬರಿ ಆಗಬ್ಯಾಡ್ರಿ. ಇಷ್ಟು ವರ್ಷ ನನ್ನ ಮಾಲು ಮಂದಿ ಮಾಲಿನಾಗ ಕೂಡಿಸ್ತಿದ್ರು. ಈ ಸಲ ವೈನರಿ ಮೇಡಮ್ಮಾರು ನನ್ನ ಹೊಲದ್ದಷ್ಟ ಬ್ಯಾರೆ ಮಾಡ್ಯಾರ. ಇವು ಮೂರು ನಮ್ಮಂಗ ಬಿಸಿಲಿನ ದೇಶದ್ದಂತ. ಸ್ಪೇನು, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ. ಈ ಚೀಟಿ ಇಲ್ಲದ್ದು ನಮ್ಮದು. ಇವುಗಳ ಮುಂದ ನಮ್ಮದಕ್ಕ ತನ್ನದಂತ ಒಂದು ಗುಣ ಐತಿ ಅಂತ ನಾವು ತಿಳದು ಹೇಳಿದ್ರ ಬಾಟ್ಲಿ ಮ್ಯಾಲ ನಮ್ಮೂರ ಹೆಸರು ಹಾಕ್ತಾರ. ಇಲ್ಲಾಂದ್ರ ಮತ್ತ ಎಲ್ಲಾದರ ಜೋಡಿ ಕೂಡಸೂದ. ನಾಳೆ ಮಧ್ಯಾಹ್ನ ಬರ್ತಾರ್ರಿ. ನಿಮ್ಮಂಥಾ ನಾಲಿಗಿ ಈ ಜಿಲ್ಲಾದಾಗ ಯಾರದೈತಿ ಹೇಳ್ರಿ?"

ಇಷ್ಟು ಹೇಳಿ ಈರಣ್ಣ ನಾಲ್ಕೂ ಬಾಟಲಿಗಳನ್ನು ನನ್ನ ಮುಂದೆ ಸಾಲಾಗಿ ಇಟ್ಟ. ಅವನ ಊರಿನ ಹೆಸರು ಬಾಟಲಿಯ ಮೇಲೆ ಬರುವುದೋ ಬಿಡುವುದೋ ಎಂಬುದು ನನ್ನ ಸತ್ತ ಮೂಗಿನ ಮೇಲೆ ನಿಂತಿತ್ತು. ಸತ್ಯ ಹೇಳಲು ಅದು ಒಳ್ಳೆಯ ಗಳಿಗೆ. ನಾನು ಗಂಟಲು ಸರಿಮಾಡಿಕೊಂಡು "ನೋಡೋಣು" ಎಂದೆ.

ಜೊತೆಗೆ ಒಂದು ಸೂಚನೆಯ ಹಾಳೆ ಇತ್ತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಮೊದಲ ಸಾಲು. ಯಾವ ದೇಶದ ಕೋಣೆ ಎಂದು ಬರೆದಿರಲಿಲ್ಲ. ನಾವು ವಿಧೇಯರಾಗಿ ಬಾಟಲಿಗಳನ್ನು ಪಡಸಾಲೆಯಲ್ಲಿಟ್ಟು ಊಟ ಮುಗಿಸಿ ಬಂದರೆ ಅವು ಚಹಾದಷ್ಟು ಬಿಸಿಯಾಗಿದ್ದವು. ಸುವರ್ಣಾ ಹಣೆ ಬಡಿದುಕೊಂಡು, ಒದ್ದೆ ಗೋಣಿಚೀಲ ಸುತ್ತಿ, ನೀರಿನ ಹರಿವಿಯ ಪಕ್ಕ ಇಟ್ಟು ತಂಪು ಮಾಡಿದಳು. ನಾಲ್ಕು ಲೋಟ ಕೊಡುವಾಗ ಮಾತ್ರ ಒಂದು ಕರಾರು ಹಾಕಿದಳು: "ತುಟಿ ಹಚ್ಚಬ್ಯಾಡ್ರಿ. ನಾಳೆ ಇವುಗಳಾಗ ಪೂಜಿಗೆ ಬರೋ ಅಯ್ಯನವರಿಗೆ ಹಾಲು ಕೊಡಬೇಕು."

ಹಾಗಾಗಿ ಪ್ರಪಂಚದ ವೈನುಗಳನ್ನು ನಾನು ನಮ್ಮ ಜನ ನೀರು ಕುಡಿಯುವಂತೆ ಎತ್ತಿ ಕುಡಿದೆ. ತಲೆ ಹಿಂದಕ್ಕೆ, ಲೋಟ ಗೇಣು ಮೇಲೆ. ಸ್ಪೇನಿನ ಅರ್ಧ ಪಾಲು ಬಾಯಿಗೆ, ಅರ್ಧ ಪಾಲು ಬಿಳಿ ಅಂಗಿಗೆ. ಈರಣ್ಣ ಹಾಳೆ ಓದಿ, "ಮಾಮಾ, ಇದರಾಗ ಮೂಗ ಲೋಟದಾಗ ಇಳಿಸಿ ಮೂಸಬೇಕು ಅಂತ ಐತಲ್ರಿ" ಎಂದ. ನಾನು ಲೋಟ ಕೆಳಗಿಟ್ಟೆ. "ಮೊದಲು ನಾಲಿಗಿ, ಆಮ್ಯಾಲ ಮೂಗು. ಅದು ಹಳೇ ಪದ್ಧತಿ" ಎಂದೆ.

ನಾಲಿಗೆ ಹೇಳಿದ್ದನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತೇನೆ. ಸ್ಪೇನಿನದು ಒಗರು, ಎಳೆ ಬೋರೆಕಾಯಿ ಕಚ್ಚಿದ ಹಾಗೆ ವಸಡು ಹಿಡಿಯಿತು. ಆಸ್ಟ್ರೇಲಿಯಾದ್ದು ದಪ್ಪ; ಸಕ್ಕರೆ ಇಲ್ಲದೆಯೂ ಸಿಹಿ ಎನಿಸಿ, ಗಂಟಲಲ್ಲಿ ಇಳಿಯುವಾಗ ಚುರ್ ಎಂದಿತು. ದಕ್ಷಿಣ ಆಫ್ರಿಕಾದ್ದು ಬಿಳಿಯದು, ಹುಳಿ. ಈರಣ್ಣನದರಲ್ಲಿ ಒಗರು, ಹುಳಿ ಎರಡೂ ಹದ. ಅಲ್ಲಿಗೆ ನನ್ನ ಸರಕು ಮುಗಿಯಿತು. ಪರಿಮಳದ ಮಾತು ಬಂದಾಗ ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ.

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಸೀದಾ ಬಂದು, ಒಂದೊಂದೇ ಲೋಟ ಎತ್ತಿ ಮೂಸಿದಳು. ಕುಡಿಯಲಿಲ್ಲ, ಮೂಸಿದಳಷ್ಟೇ. "ಇದು ಹಳೇ ಟ್ರಂಕ್ ತೆಗದಂಗ ಐತಿ. ಒಳಗ ಯಾರೋ ಉತ್ತತ್ತಿ ಇಟ್ಟು ಮರತಾರ" ಎಂದಳು ಸ್ಪೇನಿಗೆ. ಆಸ್ಟ್ರೇಲಿಯಾಕ್ಕೆ, "ಗಾಣದ ಮನ್ಯಾಗ ಬೆಲ್ಲದ ಪಾಕ ಜರಾ ಮುಂದಕ್ಕ ಹೋಗೈತಿ. ಮ್ಯಾಲ ಮೆಣಸು ಕುಟ್ಟಿ ಹಾಕ್ಯಾರ." ಬಿಳಿಯದಕ್ಕೆ, "ಲಿಂಬಿ ವಾಸನಿ ಹೌದು. ಆದ್ರ ನಮ್ಮ ಇಂಡಿ ಲಿಂಬಿ ಅಲ್ಲ, ಪರಊರಿಂದು." ನಾಲ್ಕನೆಯದನ್ನು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಈರಣ್ಣಾ, ಕಟಾವಿನ ದಿನ ಮಟಮಟ ಮಧ್ಯಾಹ್ನ ಬಳ್ಳಿ ಬುಡಕ್ಕ ಕುಂತು ಬುತ್ತಿ ಬಿಚ್ಚತೀವಲ್ಲ, ಆ ವಾಸನಿ ಇದು. ಕಾದ ಮಣ್ಣು, ಒಡದ ದ್ರಾಕ್ಷಿ, ಗುರೆಳ್ಳ ಚಟ್ನಿ. ಇಂಥಾದ್ದು ಆ ಮೂರರಾಗ ಇಲ್ಲೋ." ಈರಣ್ಣ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡ. ನಾನು ಗಂಭೀರವಾಗಿ, "ನಾನೂ ಅದನ್ನ ಹೇಳಾಂವಿದ್ದೆ" ಎಂದು ಎಲ್ಲವನ್ನೂ ಒಳ್ಳೆಯ ಗ್ರಂಥಸ್ಥ ಕನ್ನಡದಲ್ಲಿ ಬರೆದಿಟ್ಟೆ.

ಭಾನುವಾರ ಮೇಡಂ ಬಂದರು. ಸಭ್ಯ ಹೆಣ್ಣುಮಗಳು. ನಾನು ಓದಿದ್ದನ್ನು ಕೇಳಿ ಬಹಳ ಸಂತೋಷಪಟ್ಟರು. "ಸರ್, ಇಷ್ಟು ಚಲೋ ಯಾರೂ ಹೇಳಿರಲಿಲ್ರಿ. ಇದನ್ನೊಂದು ನೋಡ್ರಿ" ಎಂದು ಬ್ಯಾಗಿನಿಂದ ಐದನೆಯ ಬಾಟಲಿ ತೆಗೆದು, ತಾವೇ ತಂದ ಗಾಜಿನ ಗ್ಲಾಸಿಗೆ ಹಾಕಿ ನನ್ನ ಮೂಗಿನ ಕೆಳಗೇ ಹಿಡಿದರು. ಹೊಗಳಿಕೆ ತಲೆಗೇರಿತ್ತು. ನಾನು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡು, "ಆಹಾ, ಏನು ಮಲ್ಲಿಗೆಯ ಸೌಮ್ಯತೆ!" ಎಂದೆ.

ಮೇಡಂ ಮುಖ ಸಪ್ಪಗಾಯಿತು. "ಇದು ಕೆಟ್ಟ ವೈನ್ರಿ ಸರ್. ಕೆಟ್ಟದ್ದು ಹೆಂಗ ನಾರತೈತಿ ಅಂತ ತೋರಿಸಾಕ ತಂದಿದ್ದೆ." ಅಷ್ಟು ಹೇಳಿ ನನ್ನ ಬರಹದ ಹಾಳೆಯನ್ನು ಮಡಿಚತೊಡಗಿದರು. ನಾನು ಈರಣ್ಣನನ್ನು ನೋಡಿದೆ. ಅವನ ಕಣ್ಣು ಮೇಡಂ ಕೈಯ ಹಾಳೆಯ ಮೇಲಿತ್ತು. ಕೆಟ್ಟದ್ದನ್ನು ಮಲ್ಲಿಗೆ ಎಂದವನು ಒಳ್ಳೆಯದೆಂದ ವೈನಿಗೆ ಏನು ಬೆಲೆ? ನನ್ನ ಸುಳ್ಳು ಅವನ ಹೊಲವನ್ನು ನುಂಗುತ್ತಿತ್ತು.

"ಮೇಡಂ, ನನಗ ವಾಸನಿ ಬರೂದಿಲ್ಲ. ಎರಡು ವರ್ಷ ಆತು. ಆ ಹಾಳ್ಯಾಗಿನ ವಾಸನಿ ಎಲ್ಲಾ ನನ್ನ ಹೆಂಡತಿದು. ಕನ್ನಡ ಅಷ್ಟ ನಂದು" ಎಂದೆ. ಒಂದೇ ಉಸಿರಿಗೆ ಹೇಳಿದೆ. ಸುವರ್ಣಾಳ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳು ಬಂದು ಗ್ಲಾಸು ತೆಗೆದುಕೊಂಡು ಮೂಸಿ, "ಇಶ್ಶಿ! ಮಳ್ಯಾಗ ನೆನದ ಚೀಲ" ಎಂದು ದೂರ ಇಟ್ಟಳು. ಮೇಡಂ ನಕ್ಕುಬಿಟ್ಟರು. ಮಡಿಚಿದ ಹಾಳೆ ಬಿಚ್ಚಿ, ನನ್ನ ಹೆಸರು ಹೊಡೆದುಹಾಕಿ, ಅವಳ ಹೆಸರು ಕೇಳಿ ಬರೆದುಕೊಂಡರು. ಈರಣ್ಣನ ಊರಿನ ಹೆಸರು ಬಾಟಲಿಗೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು. ಅವನು ಅಕ್ಕನ ಕಾಲಿಗೆ ಬಿದ್ದ. ನನ್ನ ಕಡೆ ನೋಡಿ ಬರೀ ಹಲ್ಲು ಕಿರಿದ.

ಅವರೆಲ್ಲ ಹೋದ ಮೇಲೆ ನಾನು ಬೈಗುಳಕ್ಕೆ ಸಿದ್ಧನಾಗಿ ಕೂತೆ. ಸುವರ್ಣಾ ರೊಟ್ಟಿ ಹಿಟ್ಟು ನಾದುತ್ತಿದ್ದಳು. "ನನಗ ಗೊತ್ತಿತ್ತು ಬಿಡ್ರಿ" ಎಂದಳು. "ನಿಮ್ಮ ಜ್ವರ ಬಿಟ್ಟ ಮ್ಯಾಲ ಒಂದಿನ ಗ್ಯಾಸ್ ಸೋರಿ ಮನಿ ತುಂಬ ಗಂವ್ ಅಂತಿತ್ತು. ನೀವು ಒಲಿ ಮುಂದ ಕುಂತು ಪೇಪರ್ ಓದಾಕತ್ತಿದ್ರಿ." ಅಂದಿನಿಂದ ಅವಳು ನನ್ನನ್ನು ಒಬ್ಬನನ್ನೇ ಅಡಿಗೆಮನೆಗೆ ಬಿಟ್ಟಿರಲಿಲ್ಲ. ನಾನದನ್ನು ಮಾಸ್ತರರ ಮೇಲಿನ ಗೌರವ ಎಂದುಕೊಂಡಿದ್ದೆ. ಮೆತ್ತನೆಯ ರೊಟ್ಟಿ ಹೋಗಿ ದಿನಾ ಖಡಕ್ ರೊಟ್ಟಿ ಬರತೊಡಗಿದ್ದೂ, ಪಲ್ಯಕ್ಕೆ ಶೇಂಗಾ, ಸಾರಿಗೆ ಒಂದು ಹಿಡಿ ಹುಳಿ ಹೆಚ್ಚಾದದ್ದೂ ಅಂದಿನಿಂದಲೇ. "ಮೂಗಿಲ್ಲಾಂದ್ರ ಕಿವಿ ಐತಲ್ಲ. ಕಟಂ ಕುಟುಂ ಅಂದ್ರ ಉಂಡಂಗರ ಆಗತೈತಿ." ಎರಡು ವರ್ಷ ಈ ಹೆಣ್ಣುಮಗಳು ನನ್ನ ಕಿವಿಗೆ ಅಡಿಗೆ ಮಾಡಿ ಹಾಕಿದ್ದಳು. ಇಂಥವಳ ಋಣ ಯಾವ ಜನ್ಮದಲ್ಲಿ ತೀರೀತು!

"ಮತ್ತ ಒಂದು ಮಾತು ಯಾಕ ಅನ್ನಲಿಲ್ಲ?" ಎಂದೆ.

"ಯಾಕಂದ್ರ? ಮೂಗ ಇದ್ದಾಗ ಇಪ್ಪತ್ತನಾಕು ವರ್ಷ ಉಪ್ಪು ಹೆಚ್ಚು, ಒಗ್ಗರಣಿ ಕಮ್ಮಿ ಅಂದ್ರಿ. ಒಂದ ದಿನಾ ಚಲೋ ಐತಿ ಅಂದಿಲ್ಲ. ಮೂಗ ಹೋದ ಮ್ಯಾಲ ದಿನಾ ಆಹಾ ಅಂತೀರಿ. ಎಲ್ಲಾ ದೇವರಿಗೂ ಕೈಮುಗದೇನಿ. ಇವರ ಮೂಗ ತಿರುಗಿ ಬರಲಿ ಅಂತ ಮಾತ್ರ ಬೇಡಿಕೊಂಡಿಲ್ಲ ನೋಡ್ರಿ."

ಮೊನ್ನೆ ಬೆಳಿಗ್ಗೆ ಪಡಸಾಲೆಯಲ್ಲಿ ಕೂತಾಗ ಮೂಗಿಗೆ ಏನೋ ಬಡಿಯಿತು. ಎದ್ದು ನಿಂತುಬಿಟ್ಟೆ. ಬೇಳೆ ತಳ ಹಿಡಿದು ಸೀದ ವಾಸನೆ. ಎರಡು ವರ್ಷದ ಮೇಲೆ ಮನೆಯೊಳಗೆ ಬಂದ ಮೊದಲ ವಾಸನೆ. ಕಣ್ಣಲ್ಲಿ ನೀರೇ ಬಂತು. ಊಟಕ್ಕೆ ಕೂತೆ. ಸೀದ ಬೇಳೆಯ ಸಾರು ತಾಟಿಗೆ ಬಿತ್ತು. ಸುವರ್ಣಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಹೆಂಗ ಆಗೇತ್ರಿ?" ಎಂದು ಕೇಳಿದಳು.

"ಆಹಾ" ಎಂದೆ.