ಬಾಯಿ ಬಿಡದೆ ಓದುವ ಮೆಹ್ನಾಜ್

ಓದುವುದನ್ನು ಯಾರಿಗೆ ಬೇಕಾದರೂ ಕಲಿಸಬಲ್ಲೆ ಎಂಬ ನಂಬಿಕೆ ನನ್ನಲ್ಲಿ ಮೊನ್ನೆಮೊನ್ನೆಯವರೆಗೂ ಗಟ್ಟಿಯಾಗಿತ್ತು. ಗದಗಿನ ಶಾಲೆಯಲ್ಲಿ ಎದ್ದು ನಿಂತು ಪಾಠ ಓದಲು ಮಾಸ್ತರರು ಕರೆಯುತ್ತಿದ್ದುದೇ ನನ್ನನ್ನು. ಎಲ್ಲೂ ತಡವರಿಸದೆ, ಹಿಂದಿನ ಬೆಂಚಿನವರಿಗೂ ಎಚ್ಚರವಾಗುವಂತೆ ಓದುತ್ತಿದ್ದೆ. ಸಿಂಗಾಪುರದ ಯಿಶುನ್‌ಗೆ ಬಂದ ಮೇಲೂ ಆ ಹೆಮ್ಮೆ ಇಳಿದಿರಲಿಲ್ಲ. ಹಾಗಾಗಿ ಪಕ್ಕದ ಮನೆಯ ಇರಾನಿನ ಮೆಹ್ನಾಜ್ ಬಂದು, ನರ್ಸಿಂಗ್ ಕೋರ್ಸಿಗೆ ಇಂಗ್ಲಿಷ್ ಪರೀಕ್ಷೆ ಇದೆ, ಓದುವ ಭಾಗದಲ್ಲಿ ಒಮ್ಮೆ ಫೇಲಾಗಿದ್ದೇನೆ, ಈ ಸಲವೂ ಹೋದರೆ ಸೀಟೂ ಹೋದಂತೆ ಎಂದಾಗ, ಹಿಂದೆಮುಂದೆ ನೋಡದೆ ಗುರುವಾಗಿಬಿಟ್ಟೆ.

ನಮ್ಮ ಬ್ಲಾಕಿನ ಕೆಳಗೆ ಎಲ್ಲರೂ ಬಂದು ಕೂರಲೆಂದು ಖಾಲಿ ಬಿಟ್ಟ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಬಳಿ ಪಾಠ. "ಜೋರಾಗಿ ಓದು" ಎಂದೆ. ಪಾಪ, ಓದಿದಳು. ಪ್ರಶ್ನೆ ಕೇಳಿದರೆ ಒಂದಕ್ಕೂ ಉತ್ತರವಿಲ್ಲ. "ಇನ್ನೂ ಜೋರಾಗಿ" ಎಂದೆ. ಆಚೆ ಚೆಸ್ ಆಡುತ್ತಿದ್ದ ಅಂಕಲ್‌ಗಳು ತಿರುಗಿ ನೋಡಿದರು, ಉತ್ತರ ಮಾತ್ರ ಬರಲಿಲ್ಲ. ಕೊನೆಗೆ ಅವಳೇ, "ಟೀಚರ್, ಒಂದ್ಸಲ ನನ್ನ ಥರ ಓದ್ಲಾ?" ಎಂದಳು.

ಅವಳ ಥರವೇ ಬೇರೆ. ಓದುವಾಗ ಬಾಯಿಯನ್ನೇ ಬಿಡಲಿಲ್ಲ. ಮೊದಲು ಶೀರ್ಷಿಕೆ, ಆಮೇಲೆ ನೇರವಾಗಿ ಕೊನೆಯ ಪ್ಯಾರಾ! ಊಟಕ್ಕೆ ಕೂತವರು ಮೊದಲೇ ಮಜ್ಜಿಗೆ ಅನ್ನ ಕಲಸಿಕೊಂಡ ಹಾಗೆ. ಗೊತ್ತಿಲ್ಲದ ಪದಗಳನ್ನು ಒಂಚೂರೂ ನಾಚಿಕೆಯಿಲ್ಲದೆ ಹಾರಿಸಿದಳು. ನಡುನಡುವೆ ತಲೆಯೆತ್ತಿ ಫಾರಸಿಯಲ್ಲಿ ಏನೋ ಗೊಣಗಿದಳು. ಏನದು ಎಂದರೆ, "ಓದಿದ್ದನ್ನ ಅಮ್ಮಂಗೆ ಹೇಳೋ ಥರ ಹೇಳ್ಕೋತಿದೀನಿ. ಅವಳಿಗೆ ಅರ್ಥ ಆಗೋ ಹಾಗೆ ಹೇಳಕ್ಕೆ ಬಂದ್ರೆ ನಂಗೂ ಅರ್ಥ ಆದ ಹಾಗೆ. ನಮ್ಮ ಲಿಪೀಲಿ ಎಷ್ಟೋ ಸ್ವರ ಬರೆಯೋದೇ ಇಲ್ಲ ಟೀಚರ್, ಅರ್ಥ ಹಿಡಿದೇ ಓದ್ಬೇಕು" ಎಂದಳು. ಇದು ಓದೋ, ಹರಟೆಯೋ? ಸಿಟ್ಟಿನಿಂದಲೇ ಪ್ರಶ್ನೆ ಹಾಕಿದೆ. ಎಲ್ಲದಕ್ಕೂ ಸರಿಯುತ್ತರ!

ನಾನಿನ್ನೂ ಚೇತರಿಸಿಕೊಂಡಿರಲಿಲ್ಲ, "ಮುಂದಿನ ಪಾಠ ನೀವು ನಿಮ್ಮ ಥರ ಓದಿ" ಎಂದಳು. ಓದಿದೆ ನೋಡಿ, ಗದಗಿನ ಶಾಲೆಯೇ ಕಣ್ಮುಂದೆ ಬಂತು. ಅಂಕಲ್ ಒಬ್ಬರು ತಲೆದೂಗಿದರು ಕೂಡ. ಮೆಹ್ನಾಜ್ ಪುಸ್ತಕ ಮುಚ್ಚಿ ವಿನಯದಿಂದ ಕೇಳಿದಳು: "ಏನು ಹೇಳಿದ್ದಾರೆ ಟೀಚರ್?"

ಏನು ಹೇಳಿದ್ದಾರೆ? ಎಲ್ಲೋ ಒಂದು ಕಡೆ ಜೇನುನೊಣ ಬಂದಿತ್ತು. ಅಷ್ಟೇ ನೆನಪು. ಪಕ್ಕದಲ್ಲಿ ಬಾರ್ಲಿ ನೀರು ಹೀರುತ್ತಿದ್ದ ನನ್ನ ಮಗಳು, "ಅಮ್ಮಾ, ನೀನು ಓದೇ ಇಲ್ಲ ಲಾ, ಬರೀ ಸೌಂಡ್ ಮಾಡ್ದೆ" ಎಂದು ಇಲ್ಲಿಯವರ 'ಲಾ' ಸೇರಿಸಿಯೇ ತೀರ್ಪು ಕೊಟ್ಟಳು.

ಮೆಹ್ನಾಜ್ ಅವಳ ಥರವೇ ಓದಿ ಪಾಸಾದಳು. ಪಿಸ್ತಾ ಡಬ್ಬಿ ಹಿಡಿದು ಬಂದು "ಎಲ್ಲಾ ನಿಮ್ಮಿಂದ್ಲೇ ಟೀಚರ್" ಎಂದಳು. ನಾನು ಅಲ್ಲ ಎನ್ನಲಿಲ್ಲ. ಆದರೆ ಮರುದಿನ ಬೆಳಗ್ಗೆ ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕೂತು, ಮದುವೆಗೂ ಮೊದಲಿನಿಂದ ಹೇಳುತ್ತ ಬಂದ ಸಂಸ್ಕೃತ ಸ್ತೋತ್ರವನ್ನು ಗಡಗಡ ಮುಗಿಸುತ್ತಲೇ ಕಿವಿಯಲ್ಲಿ ಅವಳ ದನಿ ಕೇಳಿಸಿತು: "ಏನು ಹೇಳಿದ್ರಿ ಟೀಚರ್?" ಇಷ್ಟು ವರ್ಷ ಶಿವನ ಹತ್ತಿರ ಏನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ! ಅವನೇನಾದರೂ ಅದನ್ನು ಕೊಟ್ಟೇಬಿಟ್ಟಿದ್ದರೆ, ಈ ಮನೆಯಲ್ಲಿರುವುದರಲ್ಲಿ ಅದು ಯಾವುದು ಎಂದು ಈಗ ಒಂದೊಂದನ್ನೇ ಅನುಮಾನದಿಂದ ನೋಡುತ್ತಿದ್ದೇನೆ.